ಯಾರ ನೌಕೆ ದೊಡ್ಡದು

ಮಗ ನಂದೀಶನನ್ನು ನೋಡಲು ಬಂದ ಅವನ ಗೆಳೆಯ ಅಫ್ರೋಜನನ್ನು ವಸಂತಮ್ಮ ಬಾಗಿಲಲ್ಲೇ ತಡೆದಳು. "ಡಾಕ್ಟ್ರು ಕೈಚೆಲ್ಲಿಬಿಟ್ರಪ್ಪ. ಅವನಿಗೆ ಗೊತ್ತಿಲ್ಲ. ನೀನು ಯಾವಾಗಿನ ಹಂಗೇ ಇರು."

ಹೈಸ್ಕೂಲಿನಿಂದಲೂ ಇಬ್ಬರೂ ಕಾಗದದ ಮೇಲೆ ಅಂತರಿಕ್ಷ ನೌಕೆಗಳನ್ನು ಕಟ್ಟಿ, ಯಾರದು ದೊಡ್ಡದೆಂದು ಜಗಳವಾಡಿಕೊಂಡೇ ಬೆಳೆದವರು. ಒಬ್ಬನೂ ಒಮ್ಮೆಯೂ ಸೋಲೊಪ್ಪಿದ್ದಿಲ್ಲ.

ಹಾಸಿಗೆಯಲ್ಲಿದ್ದ ನಂದೀಶನ ಮುಖ ಅರಳಿತು. "ಬಾರೋ. ನನ್ನ ಐರಾವತದ ಹೊಟ್ಟೇಲಿ ಈಗ ಚಂದ್ರನೇ ಹಿಡಿಸ್ತಾನೆ."

"ಐರಾವತಾನಾ? ಮೆಜೆಸ್ಟಿಕ್ಕಿಗೆ ಹೋಗೋ ಬಸ್ಸಾ ಅದು? ನನ್ನ ಪ್ರಳಯ ಒಂದ್ಸಲ ಸೀನಿದ್ರೆ ನಿಂದು ಪುಡಿಪುಡಿ."

"ನಿನ್ನ ಪ್ರಳಯ ನನ್ನದರ ಬಾಗಿಲಷ್ಟೂ ಇಲ್ಲ, ಹೋಗಲೋ!"

ಜಗಳ ಎಂದಿನಂತೆ ಏರಿದ್ದು ಕಂಡು ವಸಂತಮ್ಮನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ನಗುತ್ತಿದ್ದ ನಂದೀಶನಿಗೆ ಕೆಮ್ಮು ಹತ್ತಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಅವಳು ಬೆನ್ನು ನೀವಿದಳು. ಕೊನೆಗೂ ಕೆಮ್ಮು ಇಳಿದಾಗ ಅಫ್ರೋಜ್ ಅವನ ಕೈ ಹಿಡಿದುಕೊಂಡ.

"ನಿಂದೇ ದೊಡ್ಡದು ಕಣೋ. ನಾನು ಸೋತೆ."

ನಂದೀಶ ಗೆಳೆಯನ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ತಾಯಿಯ ಕಡೆ ತಿರುಗಿದ.

"ಅಮ್ಮಾ, ನಂಗೆ ಇನ್ನೆಷ್ಟು ದಿನ ಅಂತೆ?"