ನೋವಿಲ್ಲ ಎಂದವನು

"ಹೊಟ್ಟೆನೋವು ಹೇಗಿದೆ?" ಎಂದು ಮನೋವೈದ್ಯರು ಕೇಳಿದಾಗ ದರ್ಜಿ ಪಕ್ಕದಲ್ಲಿದ್ದ ಅಕ್ಕನ ಮುಖ ನೋಡಿದ. ಇಲ್ಲದ ದನಿಗಳು ಕಿವಿಗೆ ಬೀಳುವ ಕಾಯಿಲೆ ಅವನದು. ಹಾಗಾಗಿ ನೋವು ಎಂದಾಗಲೆಲ್ಲ ಹೊಟ್ಟೆಯ ಡಾಕ್ಟರು ಅದನ್ನೂ ಭ್ರಮೆ ಎಂದು ಇಲ್ಲಿಗೇ ಕಳಿಸುತ್ತಿದ್ದರು. ಇಲ್ಲಿ ಮಾತ್ರೆ ಹೆಚ್ಚಾಗುತ್ತಿತ್ತು.

"ಪೂರ್ತಿ ಹೋಯ್ತು ಸಾರ್," ಎಂದ.

"ಸುಳ್ಳು ಸಾರ್. ಮುದುಡ್ಕೊಂಡು ನರಳ್ತಾನೆ. ಒಂದ್ಸಲ ಸ್ಕ್ಯಾನ್ ಮಾಡಿಸಿ," ಎಂದಳು ಅಕ್ಕ.

"ಅವರೇ ಇಲ್ಲ ಅಂತಿದಾರಲ್ಲಮ್ಮ. ಮಾತ್ರೆ ಹಿಡಿಸಿದೆ," ಎಂದು ವೈದ್ಯರು ಸಮಾಧಾನದಿಂದ ನಕ್ಕರು.

ಹೊರಗೆ ಬಂದವನೇ ದರ್ಜಿ ಹೊಟ್ಟೆ ಹಿಡಿದು ಗೋಡೆಗೊರಗಿ ಕುಸಿದ. "ಯಾಕೋ ಹಾಗಂದೆ?" ಎಂದಳು ಅಕ್ಕ.

"ಹೇಳಿದ್ರೆ ಇನ್ನೊಂದು ಮಾತ್ರೆ ಕೊಡ್ತಾರಕ್ಕ. ಈಗ್ಲೇ ಕೈ ನಡುಗಿ ಸೂಜಿಗೆ ದಾರ ಹಾಕೋಕಾಗ್ತಿಲ್ಲ. ನೋವಾದ್ರೆ ತಡ್ಕೋತೀನಿ."

ಅಕ್ಕ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ಅವನ ಪಕ್ಕದಲ್ಲೇ ನೆಲಕ್ಕೆ ಕೂತಳು.