ಇಲ್ಲದ ಗುಂಡಿ

ಚೆಲ್ಲಿದ ಎಣ್ಣೆಯ ಮೇಲೆ ಸ್ಕೂಟರ್ ಜಾರಿ, ಅಂಚೆ ಕಚೇರಿಯ ಎದುರು ಆಕೆ ದೊಪ್ಪನೆ ಬಿದ್ದಾಗ ಹಿಂದಿನ ಬಸ್ಸು ತೀರಾ ಹತ್ತಿರ ಬಂದಿತ್ತು. ಡ್ರೈವರ್ ಕತ್ತು ತಿರುಗಿಸಿಕೊಂಡು ಕಂಡಕ್ಟರ್ ಜೊತೆ ಹರಟುತ್ತಿದ್ದ. ಆಕೆ ಕಣ್ಣು ಮುಚ್ಚಿಕೊಂಡಳು.

ಡ್ರೈವಿಂಗ್ ಕಲಿಸುವ ಆಕೆ ಊರಿನ ಡ್ರೈವರುಗಳಿಗೆ ಹಿಡಿಶಾಪ ಹಾಕುತ್ತಿದ್ದದ್ದೇ ಈ ಜಾಗದ ವಿಷಯಕ್ಕೆ. ಇಲ್ಲಿಗೆ ಬಂದರೆ ಸಾಕು, ಎಲ್ಲರೂ ಸ್ಟೇರಿಂಗನ್ನು ಅಡ್ಡಕ್ಕೆಳೆದು ಎದುರಿನವರ ದಾರಿಗೇ ನುಗ್ಗುತ್ತಿದ್ದರು. ಮದುವೆಯಾದ ಹೊಸದರಲ್ಲಿ, “ಯಾಕೆ ಮಾವ, ಇವರಿಗೆಲ್ಲ ತಲೆ ಕೆಟ್ಟಿದೆಯಾ?” ಎಂದು ಕೇಳಿದಾಗ ಮಾವ ನಕ್ಕಿದ್ದರು. “ಅಲ್ಲೊಂದು ದೊಡ್ಡ ಗುಂಡಿ ಇತ್ತಮ್ಮ. ಗುಂಡಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಅಭ್ಯಾಸ ಮುಚ್ಚೋಕೆ ಯಾರೂ ಬರಲಿಲ್ಲ.”

ಬಿಸಿಗಾಳಿ ಕೆನ್ನೆಗೆ ಬಡಿಯಿತು. ಕಣ್ಣು ಬಿಟ್ಟರೆ ಬಸ್ಸು ಆಕೆಯನ್ನು ಬಳಸಿಕೊಂಡು ಮುಂದೆ ಹೋಗಿತ್ತು. ಡ್ರೈವರನ ಹರಟೆ ಇನ್ನೂ ಮುಗಿದಿರಲಿಲ್ಲ. ಪುಣ್ಯಾತ್ಮ ಆಕೆಯನ್ನು ನೋಡಿಯೇ ಇರಲಿಲ್ಲ. ಎಂದಿನಂತೆ ಇಲ್ಲದ ಗುಂಡಿಯನ್ನು ತಪ್ಪಿಸಿದ್ದ, ಅಷ್ಟೇ. ಆಕೆ ನುಣುಪಾದ ಡಾಂಬರನ್ನು ಅಂಗೈಯಿಂದ ಒಮ್ಮೆ ಸವರಿ, ದೂರವಾಗುತ್ತಿದ್ದ ಬಸ್ಸಿನ ಬೆನ್ನಿಗೆ ಕೈಮುಗಿದಳು.

ಮರುದಿನ ಕಾರು ಕಲಿಯಲು ಬಂದ ನರ್ಸ್ ಅದೇ ಜಾಗದಲ್ಲಿ ನೆಟ್ಟಗೆ ಹೊರಟಿದ್ದಳು.

“ಎದುರು ಯಾರೂ ಇಲ್ಲ. ಸ್ವಲ್ಪ ಪಕ್ಕಕ್ಕೆ ತಗೊಳ್ಳಿ, ಅಲ್ಲಿ ಗುಂಡಿ ಇದೆ.”

“ಎಲ್ಲಿ ಮೇಡಂ? ನಂಗೇನೂ ಕಾಣ್ತಿಲ್ವಲ್ಲ?”

“ಕಾಣಲ್ಲ. ನಿನ್ನೆ ನಾನು ಅದರೊಳಗೇ ಬಿದ್ದು ಬದುಕ್ಕೊಂಡೆ.”