ಹೆಸರಿಲ್ಲದ ಎಲೆ

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ. ಕಾಸರಕೋಡಿನ ಕಮಲಜ್ಜಿ ಹಿರಿಯರಿಗೆಂದು ಆರು ಬಾಳೆ ಎಲೆ ಹಾಕಿ ಬಡಿಸಿ, ಐವರನ್ನು ಹೆಸರು ಹಿಡಿದು ಊಟಕ್ಕೆ ಕರೆದಳು. ಆರನೆಯ ಎಲೆಯ ಮುಂದೆ ಎಂದಿನಂತೆ ಕರೆಯಲು ಹೆಸರು ಗೊತ್ತಿಲ್ಲದೆ ನಿಂತಿದ್ದಾಗ, ಮೊಮ್ಮಗಳು ಸೌಜನ್ಯಾ ಕುಮಟೆಯ ಬಸ್ಸಿಳಿದು ಓಡುತ್ತಲೇ ಒಳಗೆ ಬಂದಳು.

"ಅಜ್ಜೀ, ತಡಿ ತಡಿ! ಅಂವ ಸಿಕ್ದ!"

ಆ ಎಲೆ ಕಮಲಜ್ಜಿಯ ತಾಯಿಯ ಅಪ್ಪನದು. ನೂರಾ ಹದಿನೈದು ವರ್ಷದ ಹಿಂದೆ, ಹೊನ್ನಾವರದಲ್ಲಿ ಬಸುರಿ ಹೆಂಡತಿ ಲಕ್ಕಿಯನ್ನು ಬಿಟ್ಟು ಕಬ್ಬಿನ ತೋಟದ ಕೂಲಿಗೆಂದು ಆಫ್ರಿಕಾದ ಹಡಗು ಹತ್ತಿದವನು ತಿರುಗಿ ಬರಲೇ ಇಲ್ಲ. ಗಂಡನ ಹೆಸರು ಹೇಳಬಾರದೆಂದು ಲಕ್ಕಿ ಸಾಯುವತನಕ ಅದನ್ನು ಬಾಯಿಬಿಡಲಿಲ್ಲ. ಹೇಳಬಹುದಾಗಿದ್ದ ಅತ್ತೆ ಮಾವ ಪ್ಲೇಗಿನಲ್ಲಿ ಹೋಗಿದ್ದರು. ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅವಳು ಮೊಮ್ಮಗಳು ಕಮಲಿಗೆ ಒಪ್ಪಿಸಿದ್ದಳು: ಗಾಳದ ದಾರ ಕೊಯ್ದು ಎಡಗೈ ಕಿರುಬೆರಳಿನ ತುದಿಯಿಲ್ಲ, ಬಲಗಿವಿಯ ಹಿಂದೆ ಹುಣಸೆಬೀಜದಷ್ಟು ಮಚ್ಚೆ. ಕೊನೆಗೆ ಕೈಹಿಡಿದು, "ನನ್ ಬಾಯಲ್ ಬರ್ಲಿಲ್ಲ. ನೀನಾದ್ರೂ ಅವ್ರನ್ನ ಹೆಸ್ರು ಹಿಡ್ದು ಉಣ್ಣೂಕೆ ಕರಿ" ಎಂದು ಮಾತು ತೆಗೆದುಕೊಂಡಿದ್ದಳು. ಮದುವೆಯಾಗಿ ಬರುವಾಗ ಕಮಲಿ ಆ ಎಲೆಯನ್ನೂ ಕಟ್ಟಿಕೊಂಡೇ ಬಂದಳು. ಈಗ ಎಂಬತ್ತು ದಾಟಿತ್ತು. ಹೆಸರು ಸಿಗದೆ ಕಣ್ಣು ಮುಚ್ಚಿದರೆ ಅಜ್ಜಿಗೆ ಯಾವ ಮೋರೆ ತೋರಿಸಲಿ ಎಂಬುದೊಂದೇ ಅವಳ ಚಿಂತೆ.

ಆಫ್ರಿಕಾದ ಆ ಬಂದರಿನಲ್ಲಿ ಹಡಗಿನಿಂದ ಇಳಿದ ಒಬ್ಬೊಬ್ಬರದೂ ಊರು, ಮೈಗುರುತು ಬರೆದಿಟ್ಟ ಹಳೆಯ ದಾಖಲೆ ಈಗ ಕಂಪ್ಯೂಟರಿನಲ್ಲೇ ಸಿಗುತ್ತದೆ. ಹೆಸರು ಗೊತ್ತಿದ್ದವರಿಗೆ ಅದು ನಿಮಿಷದ ಕೆಲಸ. ಸೌಜನ್ಯಾ ಮಾತ್ರ ನಾಲ್ಕು ತಿಂಗಳು ಕೂತು, ಸಾಲು ಸಾಲಾಗಿ ಒಂದು ಬೆರಳು ಮತ್ತು ಒಂದು ಮಚ್ಚೆಯನ್ನು ಹುಡುಕಿದ್ದಳು.

"ಊರು ಹೊನ್ನಾವರ. ಎಡಗೈ ಕಿರುಬೆರಳಿನ ತುದಿ ಇಲ್ಲ, ಬಲಗಿವಿ ಹಿಂದೆ ಮಚ್ಚೆ" ಎಂದು ಮೊಬೈಲು ನೋಡಿ ಓದಿದಳು. "ಇನ್ನೂ ಕೇಳು ಅಜ್ಜಿ. ನಿನ್ ಪೈಕಿ ಯಾರಿದ್ದಾರೆ ಅಂದ್ ಕೇಳಿದ್ದಕ್ಕೆ, 'ಹೆಂಡತಿ, ಲಕ್ಕಿ' ಅಂದ್ ಬರೆಸಿದ್ದ."

ಕಮಲಜ್ಜಿ ಕುಸಿದು ಕೂತಳು. "ಆ ಪರದೇಶದಲ್ಲಿ, ಗುರ್ತಿಲ್ದೋರ ಎದ್ರಿಗೆ, ಇವಳ ಹೆಸ್ರು ಹೇಳಿದ್ನನೇ?" ಎಂದು ಮಗುವಿನ ಹಾಗೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು, "ಅಂವನ ಹೆಸ್ರು ಎಂತದೆ?"

ಸೌಜನ್ಯಾ ನಗು ತಡೆದುಕೊಂಡು ಜಗಲಿಯ ಕಡೆ ನೋಡಿದಳು. ಅಲ್ಲಿ ಕಮಲಜ್ಜಿಯ ಗಂಡ ಹಮ್ಮ, ಬೆನ್ನು ಹಾಕಿ ಕೂತು ಹರಿದ ಬಲೆ ಹೊಲಿಯುತ್ತಿದ್ದ. "ನಮ್ಮಜ್ಜಂದೇ ಹೆಸ್ರು."

"ಥೋ!" ಎಂದಳು ಕಮಲಜ್ಜಿ. ಅರವತ್ತೆರಡು ವರ್ಷದ ಸಂಸಾರವನ್ನು "ಹೋಯ್", "ಕೇಳ್ತಾ?" ಎಂಬೆರಡರಲ್ಲೇ ದಾಟಿಸಿದವಳು ಅವಳು. ರೇಷನ್ ಕಾರ್ಡಿನವರು ಗಂಡನ ಹೆಸರು ಕೇಳಿದಾಗಲೂ ಪಕ್ಕದ ಮನೆಯ ಬಂಗಾರಿಯನ್ನು ಕೂಗಿ ಕರೆದು ಹೇಳಿಸಿದ್ದಳು.

"ನಾ ಕರೀಲಾ ಅಜ್ಜಿ?"

"ಬ್ಯಾಡ. ಮಾತು ಕೊಟ್ಟವ್ಳು ನಾನು. ಅಂವ ಅಲ್ ಹೇಳ್ದ. ನಾ ಇಲ್ ಹೇಳ್ದಿದ್ರೆ ಹೆಂಗೆ?"

ಎದ್ದು ಸೆರಗು ಸರಿಮಾಡಿಕೊಂಡಳು. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೆಯ ಸಲ ಕಣ್ಣು ಬಿಗಿಯಾಗಿ ಮುಚ್ಚಿ ಕೂಗಿದಳು.

"ಹಮ್ಮಾ... ಬಾ, ಉಣ್ಣು!"

ಜಗಲಿಯಲ್ಲಿ ಬಲೆ ಹೊಲಿಯುವ ಕೈ ನಿಂತಿತು. ಮುದುಕ ತಿರುಗಿ ನೋಡದೆಯೇ ಹೇಳಿದ:

"ಇನ್ನೊಂದ್ ಸಲ ಕರಿ ಮಾರಾಯ್ತಿ. ಸಮುದ್ರದ ಆಚೆ ಇದ್ದಂವಂಗೆ ಕೇಳ್ಬೇಕಲ್ಲ."